ಕಬ್ಬಿಣ ಮುಟ್ಟಿಸದ ಮರ

ಜೂನ್ 7, ಶುಕ್ರವಾರ

ಇವತ್ತು ಉಪವಾಸ. ಯೇಸುವಿನ ತಿರುಹೃದಯದ ಹಬ್ಬ, ತಿಂಗಳ ಮೊದಲ ಶುಕ್ರವಾರ ಬೇರೆ. ಸಂಜೆಯವರೆಗೆ ಸಕ್ಕರೆಯಿಲ್ಲದ ಕಾಫಿ, ಒಂದು ತುಂಡು ಬ್ರೆಡ್. ಐದಕ್ಕೆ ಎದ್ದೆ. ಒಲೆ ಹೊತ್ತಿಸಿದೆ, ಹಾಲು ಕರೆದೆ, ಕೋಳಿ ಬಿಟ್ಟೆ, ಹಾಲಿನ ಕ್ಯಾನು ಗೇಟಿನ ಹತ್ತಿರ ಇಟ್ಟು ಬಂದೆ. ಜೂನ್ ಅಂದರೆ ನಮ್ಮ ಕಡೆ ನಡುಚಳಿಗಾಲ. ರಾತ್ರಿಯ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿ ಕೂತಿತ್ತು. ಕಾಲಿಟ್ಟರೆ ಪುಡಿಯಾಗುವ ಸದ್ದು.

ಆಮೇಲೆ ಮರ, ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಬೋನ್ಸಾಯ್. ರಾತ್ರಿ ಗಾಜಿನಿಂದ ದೂರ ಸರಿಸಿದ್ದನ್ನು ಮತ್ತೆ ಕಿಟಕಿಗೆ ತಂದೆ. ಬಿದಿರುಕಡ್ಡಿ ಮಣ್ಣಿಗೆ ಚುಚ್ಚಿ, ಐದು ನಿಮಿಷ ಬಿಟ್ಟು, ತೆಗೆದು ಕೆನ್ನೆಗೆ ಒತ್ತಿದೆ — ತಣ್ಣಗಿತ್ತು. ಅಂದರೆ ಒಳಗೆ ಹಸಿ ಇದೆ, ನೀರು ಬೇಡ. ಕುಂಡದ ಕೆಳಗಿನ ತಟ್ಟೆಯ ಕಲ್ಲುಗಳಿಗೆ ಮಾತ್ರ ಒಂದು ಲೋಟ. ಒಲೆ ಉರಿಯುವ ಮನೆಯಲ್ಲಿ ಗಾಳಿ ಒಣಗುತ್ತದೆ. ಕರಾವಳಿಯ ಸೆಖೆಯಲ್ಲಿ ಹುಟ್ಟಿದ ಆಲದ ಜಾತಿ ಅದು. ಇಲ್ಲಿ ಬೆಟ್ಟದ ಮೇಲೆ ಸೇಬು ಬೆಳೆಯುತ್ತದೆ. ಅದಕ್ಕೆ ಇಲ್ಲಿ ಮನೆಯೊಳಗಷ್ಟೇ ಜೀವ.

ನೋಟುಬುಕ್ಕು ಮೊರಿಯೊ ಯಜಮಾನರದು, ನಾನು ಕೆಲಸಕ್ಕಿರುವ ಈ ಮನೆಯ ಒಡೆಯರದು. ಎದೆನೋವು ಅಂತ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೊರಟಾಗ ಕೈಗೆ ಕೊಟ್ಟರು. "ನೀರು, ಬೆಳಕು, ಚಳಿ. ಮೂರೂ ದಿನಾ ಬರಿ ದೊರ್ವಾ. ಒಂದು ವಾರ ಅಷ್ಟೇ, ಬಂದು ಓದ್ತೀನಿ." ಎರಡು ವಾರವಾಯಿತು. ಹೋದ ಮೂರನೇ ದಿನವೇ ಲಕ್ವ ಹೊಡೆದು ಅವರ ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು.

ನೋಟುಬುಕ್ಕಿನ ಮುಂಭಾಗದ ಪುಟಗಳಲ್ಲಿ ನೀರು, ಬೆಳಕು, ಚಳಿ. ಇದು ಕೊನೆಯ ಪುಟದಿಂದ ಹಿಮ್ಮುಖವಾಗಿ ಬರೆಯುತ್ತಿರುವುದು. ಇದು ಅವರಿಗಲ್ಲ, ಯಾರಿಗೂ ಅಲ್ಲ.

ಜೂನ್ 9, ಭಾನುವಾರ

ಎರಡನೇ ಭಾನುವಾರ, ಅನ್ಸೆಲ್ಮೊ ಪಾದ್ರಿ ನಮ್ಮ ಚಾಪೆಲ್ಲಿಗೆ ಬರುವ ದಿನ. ಪೂಜೆ ಆಯಿತು. ಪ್ರಸಾದ ತೆಗೆದುಕೊಂಡೆ. ಯಜಮಾನರ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದೆ. ಅವರು ಬುದ್ಧನ ಕಡೆಯವರು, ಆದರೂ.

ಮರವನ್ನು ಕಾಲು ಸುತ್ತು ತಿರುಗಿಸಿದೆ, ಪ್ರತಿ ಭಾನುವಾರದ ಹಾಗೆ. ಹನ್ನೊಂದು ಎಲೆ ಬಿದ್ದಿದ್ದವು, ಎಲ್ಲವೂ ಹಳದಿ.

ಮಧ್ಯಾಹ್ನ ನೀವಾ ಬಂದಳು. ಸೇಬಿನ ತೋಟದಲ್ಲಿ ಕೊಂಬೆ ಸವರುವ ಗುಂಪಿನವಳು. ಸೊಂಟದಲ್ಲಿ ಕತ್ತರಿ ಭಾನುವಾರವೂ ಇರುತ್ತದೆ. ಇಪ್ಪತ್ತು ವರ್ಷದಿಂದ ನನ್ನ ಕೂದಲು ಕತ್ತರಿಸುವವಳೂ ಅವಳೇ.

"ಕೂತ್ಕೋ ದೊರ್ವಾ. ಇನ್ನೊಂದು ತಿಂಗಳು ಬಿಟ್ರೆ ನಿನ್ನ ತಲೇಲಿ ಕೋಳಿ ಮೊಟ್ಟೆ ಇಡತ್ತೆ."

"ಬೇಡ. ಹರಕೆ ಇದೆ."

"ಏನು ಹರಕೆ?"

ಹೇಳಿದೆ. ಯಜಮಾನರ ಮಾತು ಹೋಯಿತು ಅಂತ ಸುದ್ದಿ ಬಂದ ದಿನ ಅಪರೇಸಿದಾ ದೇವಮಾತೆಯ ಮುಂದೆ ಮಂಡಿಯೂರಿ ಹೊತ್ತದ್ದು. ಅವರು ತಮ್ಮ ಕಾಲಿನ ಮೇಲೆ ಈ ಹೊಸ್ತಿಲು ದಾಟಿ ಒಳಗೆ ಬರುವವರೆಗೆ ನನ್ನ ತಲೆಗೂ ಅವರ ಮರಕ್ಕೂ ಕಬ್ಬಿಣ ಮುಟ್ಟಿಸುವುದಿಲ್ಲ ಅಂತ. ನನ್ನ ತಲೆ ಸಾಲದು ಅನ್ನಿಸಿತ್ತು. ಅವರಿಗೆ ಬೇಕಾದದ್ದೂ ಒಂದು ಸೇರಲಿ ಅನ್ನಿಸಿತ್ತು.

ನೀವಾ ನಗಲಿಲ್ಲ. ಕತ್ತರಿಯನ್ನು ಒರೆಗೆ ಸೇರಿಸಿದಳು.

ಜೂನ್ 12, ಬುಧವಾರ

ಬುಧವಾರ ಸೇಬು ಬೆಳೆಗಾರರ ಸಂಘದ ಕಚೇರಿಗೆ ಫೋನ್ ಬರುತ್ತದೆ. ಯಜಮಾನರ ಮಗಳು ಕಿಯೋಮಿ. ಹತ್ತರಿಂದಲೇ ಕಾದು ಕೂತಿದ್ದೆ.

"ದೊರ್ವಕ್ಕಾ, ಅಪ್ಪ ಮಾತಾಡಲ್ಲ. ಆದ್ರೆ ನಿಮ್ಮ ಹೆಸರು ಹೇಳಿದ್ರೆ ಕಣ್ಣು ಅಗಲ ಮಾಡ್ತಾರೆ. ಮರದ್ದೇ ಕೇಳ್ತಿರೋದು. ಏನು ಹೇಳ್ಲಿ?"

"ಎಲೆ ಉದುರ್ತಿದೆ ಅಂತ ಹೇಳ್ಬೇಡ. ಚೆನ್ನಾಗಿದೆ ಅಂತಲೂ ಹೇಳ್ಬೇಡ, ಸುಳ್ಳಾಗತ್ತೆ."

"ಮತ್ತಿನ್ನೇನು ಹೇಳ್ಲಿ?"

"ದಿನಾ ನೋಡ್ಕೋತಿದಾಳೆ ಅನ್ನು. ಅದು ನಿಜ."

ಬಂದು ನೋಡಿದರೆ ಇನ್ನೂ ಎಂಟು ಎಲೆ. ಅಡುಗೆಮನೆ ಬಾಗಿಲಿನಿಂದ ತಣ್ಣನೆ ಗಾಳಿ ನೇರ ಅದರ ಮೇಲೇ ಬೀಸುತ್ತದೆ, ಈಗ ಗೊತ್ತಾಯಿತು. ಒಲೆಯ ಪಕ್ಕದ ಮೇಜಿಗೆ ಸರಿಸಿದೆ. ಜಾಗ ಬದಲಿಸಿದರೂ ಎಲೆ ಉದುರಿಸುತ್ತದೆ ಅಂತ ಯಜಮಾನರು ಹೇಳುತ್ತಿದ್ದರು. ಇದ್ದರೂ ಕಷ್ಟ, ಸರಿಸಿದರೂ ಕಷ್ಟ.

ಜೂನ್ 13, ಗುರುವಾರ

ಸಂತ ಅಂತೋನಿಯ ದಿನ. ಬಡವರ ಬುಟ್ಟಿಗೆ ಆರು ಬ್ರೆಡ್ ಸುಟ್ಟು ಕಳಿಸಿದೆ.

ಎಲೆಯ ಧೂಳು ಒರೆಸುವಾಗ ಕೈಗೆ ಅಂಟು ಹತ್ತಿತು. ಹಾಲು. ಕೆಳಗಿನ ಉದ್ದ ಕೊಂಬೆಯಿಂದ ಒಸರುತ್ತಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ತಂತಿ. ಫೆಬ್ರವರಿಯಲ್ಲಿ ಕೊಂಬೆ ಬಗ್ಗಿಸಲು ಯಜಮಾನರು ತಾಮ್ರದ ತಂತಿ ಸುತ್ತಿದ್ದರು, ಏಳು ಕೊಂಬೆಗೆ. ಬೇಸಿಗೆಯಲ್ಲಿ ಕೊಂಬೆ ದಪ್ಪವಾಗಿದೆ. ತಂತಿ ತೊಗಟೆಯೊಳಗೆ ಇಳಿದಿದೆ. ಬೆರಳು ಊದಿದಾಗ ಉಂಗುರ ಕಚ್ಚಿಕೊಳ್ಳುತ್ತದಲ್ಲ, ಹಾಗೆ.

ಮೇ ಮುಗಿಯುವಷ್ಟರಲ್ಲಿ ಪ್ರತಿ ವರ್ಷ ಅವರೇ ತೆಗೆಯುತ್ತಿದ್ದರು. ಒಂದೊಂದು ಸುತ್ತನ್ನೂ ತಂತಿ ಕತ್ತರಿಸುವ ಇಕ್ಕಳದಲ್ಲಿ ಕತ್ತರಿಸಿ, ಚೂರುಚೂರಾಗಿ. ಎಷ್ಟೋ ಸಲ ದೀಪ ಹಿಡಿದು ಪಕ್ಕದಲ್ಲಿ ನಿಂತಿದ್ದೇನೆ. ಹರಕೆ ಹೊರುವಾಗ ಅದು ನೆನಪಿಗೇ ಬರಲಿಲ್ಲ. ಎಲೆ ಸವರುವ ಕತ್ತರಿ ಅಷ್ಟೇ ಕಣ್ಣಮುಂದೆ ಇತ್ತು.

ಇಕ್ಕಳ ಕಬ್ಬಿಣದ್ದು.

ಪಾದ್ರಿ ಬಂದು ಹೋಗಿ ನಾಲ್ಕೇ ದಿನ. ಇನ್ನು ಬರುವುದು ಜುಲೈ ಹದಿನಾಲ್ಕಕ್ಕೆ.

ಜೂನ್ 16, ಭಾನುವಾರ

ನೀವಾಗೆ ತೋರಿಸಿದೆ.

"ಕಬ್ಬಿಣ ಅಂದಿದೀಯ ತಾನೇ? ಬೆರಳು ಅಂದಿಲ್ಲವಲ್ಲ. ಕೈಯಲ್ಲೇ ಬಿಚ್ಚು."

"ಅವರು ಯಾವತ್ತೂ ಬಿಚ್ಚಲ್ಲ. ಕತ್ತರಿಸ್ತಾರೆ."

"ಅವರಿಗೆ ಹರಕೆ ಇರಲಿಲ್ಲ."

ಅವಳು ಹೋದ ಮೇಲೆ ಕೂತೆ. ಮೂರು ಜಪಮಾಲೆ ಮುಗಿಸಿದೆ, ಧೈರ್ಯಕ್ಕೆ. ಕೆಳಗಿನ ಕೊಂಬೆಯಿಂದಲೇ ಶುರು, ಅದಕ್ಕೇ ಹೆಚ್ಚು ಕಚ್ಚಿರುವುದು. ತುದಿ ಬಿಚ್ಚಿತು. ಒಂದು ಸುತ್ತು ಬಂತು, ಎರಡು ಬಂತು. ಮೂರನೆಯದು ತೊಗಟೆಯನ್ನೂ ಜೊತೆಗೇ ಎತ್ತಿಕೊಂಡು ಬಂತು. ಸ್ವಲ್ಪ ತಿರುಚಿದೆ…

ಒಲೆಯ ಮೇಲೆ ಪೈನ್ ಮರದ ಪಿನ್ಯಾವ್ ಬೀಜ ಸಿಡಿದ ಹಾಗೆ ಸದ್ದು.

ಜೂನ್ 21, ಶುಕ್ರವಾರ

ಉಪವಾಸ. ಐದು ದಿನ ಏನೂ ಬರೆದಿಲ್ಲ, ಮುಂಭಾಗದ ಪುಟಗಳಲ್ಲಿಯೂ ಇಲ್ಲ. ಬುಧವಾರ ಫೋನಿಗೂ ಹೋಗಲಿಲ್ಲ. ಹಸುವಿಗೆ ಹುಷಾರಿಲ್ಲ ಅಂತ ಹೇಳಿ ಕಳಿಸಿದೆ. ಅದು ಸುಳ್ಳು. ಪಾಪನಿವೇದನೆಯಲ್ಲಿ ಹೇಳಬೇಕು.

ಕೊಂಬೆ ಪೂರ್ತಿ ಬಿದ್ದಿಲ್ಲ. ತೊಗಟೆಯಲ್ಲಿ ನೇತಾಡುತ್ತಿತ್ತು. ಎತ್ತಿ ಕೂರಿಸಿ, ಫೆಬ್ರವರಿ ಹಬ್ಬದಲ್ಲಿ ಮಂತ್ರಿಸಿ ಕೊಟ್ಟ ಮೇಣದಬತ್ತಿಯ ಮೇಣ ಮೆತ್ತಿ, ಬಟ್ಟೆ ಸುತ್ತಿದ್ದೇನೆ. ಅದರ ಎಲೆ ಒಂದೂ ಉಳಿದಿಲ್ಲ. ಯಜಮಾನರ ತಾಯಿ ಕರಾವಳಿಯಲ್ಲಿದ್ದಾಗ ಡಬ್ಬಿಯಲ್ಲಿ ನೆಟ್ಟ ಕಡ್ಡಿಯೇ ಈ ಮರ. ಆ ಕೊಂಬೆ ಒಂದು ಗೇಣು ಆಗಲು ಇಪ್ಪತ್ತು ವರ್ಷ ಹಿಡಿಯಿತು ಅನ್ನುತ್ತಿದ್ದರು.

ಇನ್ನೊಂದು ತಪ್ಪೂ ಮಾಡಿದ್ದೇನೆ. ಗಾಬರಿಯಲ್ಲಿ ದಿನಾ ನೀರು ಹಾಕಿದೆ, ಕಡ್ಡಿ ಚುಚ್ಚಿ ನೋಡಲೂ ಇಲ್ಲ. ಮಣ್ಣು ಈಗ ಹುಳಿ ವಾಸನೆ ಹೊಡೆಯುತ್ತದೆ. ಬೇರು ಕೊಳೆಯುವ ಮೊದಲಿನ ವಾಸನೆ. ನೀರು ನಿಲ್ಲಿಸಿದ್ದೇನೆ.

ಉಳಿದ ಆರು ಕೊಂಬೆಗೆ ತಂತಿ ಹಾಗೇ ಇದೆ. ಕೈ ಹಾಕಲಾರೆ. ಇಕ್ಕಳ ಹಿಡಿಯಲಾರೆ.

ಪಾದ್ರಿಗಳಿಗೆ ಪತ್ರ ಬರೆದೆ. ಹರಕೆ ಸಡಿಲಿಸುವ ಅಧಿಕಾರ ಅವರಿಗಿದೆ ಅಂತ ಮೂರನೇ ಇಯತ್ತೆಯಲ್ಲಿ ಸಿಸ್ಟರ್ ಹೇಳಿದ್ದು ನೆನಪು. ಬರೆದದ್ದು ಇಷ್ಟು: ಮಾತೆ ನನ್ನ ಕೂದಲು ಇಟ್ಟುಕೊಳ್ಳಲಿ, ಸಾಯುವವರೆಗೂ ಕತ್ತರಿಸುವುದಿಲ್ಲ. ಬುಧವಾರವೂ ಉಪವಾಸ ಮಾಡುತ್ತೇನೆ. ಮರವನ್ನು ಮಾತ್ರ ಹರಕೆಯಿಂದ ಬಿಡಿಸಿಕೊಡಿ. ಬಿಡಿಸಿದರೆ ಯಜಮಾನರಿಗೆ ಕೆಡುಕಾಗುವುದಿಲ್ಲ ಅಂತ ನಿಮ್ಮ ಕೈಯಲ್ಲೇ ಬರೆದುಕೊಡಿ.

ಹಾಲಿನ ಲಾರಿಯ ವಾಲ್ದೆಸಿರ್ ಕೈಗೆ ಕೊಟ್ಟೆ.

"ಪಾದ್ರಿಗೆ ಪ್ರೇಮಪತ್ರನಾ ದೊನಾ ದೊರ್ವಾ?"

"ಹೌದಪ್ಪ. ಜೋಪಾನ, ಹಾಲು ಚೆಲ್ಲೀತು ಅದರ ಮೇಲೆ."

ಜೂನ್ 24, ಸೋಮವಾರ

ಸಂತ ಯೋವಾನ್ನರ ಬೆಂಕಿ ಹಾಕುವ ದಿನ. ಕತ್ತರಿಸಿದ ಸೇಬಿನ ಕೊಂಬೆ ಗಾಡಿಗಟ್ಟಲೆ ಒಟ್ಟಿದ್ದಾರೆ. ಬೆಳಗಿನಿಂದ ತೋಟದ ತುಂಬ ಕತ್ತರಿ ಸದ್ದು — ಕಚ್, ಕಚ್. ಎಲ್ಲರ ಮರಕ್ಕೂ ಕತ್ತರಿ ಬೀಳುತ್ತಿದೆ, ಒಳ್ಳೆಯದಕ್ಕೇ. ಬೆಂಕಿ ನೋಡಲು ನಾನು ಹೋಗಲಿಲ್ಲ.

ಉತ್ತರ ಬಂದಿಲ್ಲ. ಪಾದ್ರಿ ಹಳ್ಳಿಗಳ ಸುತ್ತಿಗೆ ಹೋಗಿದ್ದಾರಂತೆ.

ಉಳಿದ ಎಲೆ ಎಣಿಸಿದೆ. ಹದಿನಾಲ್ಕು.

ಜೂನ್ 26, ಬುಧವಾರ

ಫೋನಿಗೆ ಹೋದೆ.

"ಹಸು ಹೇಗಿದೆ ದೊರ್ವಕ್ಕಾ?"

"ಹಸು ಚೆನ್ನಾಗೇ ಇತ್ತು ಕಿಯೋಮಿ. ನಾನು ಸುಳ್ಳು ಹೇಳಿದ್ದು."

 ಸೋಮವಾರ ಬೆಳಿಗ್ಗೆ ಅಪ್ಪನ ಕುತ್ತಿಗೆಯ ರಕ್ತನಾಳದ ಆಪರೇಷನ್ ಅಂದಳು. ಉಳಿಯುವುದು, ಬಿಡುವುದು ಎರಡೂ ಸಮಸಮ ಅಂದರಂತೆ ಡಾಕ್ಟರು. ಆಮೇಲೆ ಅಂದಳು:

"ನಿನ್ನೆ ಎಡಗೈಲಿ ಪೆನ್ಸಿಲ್ ಹಿಡಿದ್ರು. ಅರ್ಧ ಗಂಟೆ ಒದ್ದಾಡಿ ಒಂದೇ ಪದ ಬರೆದ್ರು. 'ತಂತಿ' ಅಂತ. ಡ್ರಿಪ್ಪಿನ ಕೊಳವೆ ಚುಚ್ಚತ್ತೇನೋ ಅಂತ ನರ್ಸ್ ಅದನ್ನ ಬೇರೆ ಕೈಗೆ ಹಾಕಿದ್ಲು. ಅದಲ್ಲ ಅಂತ ತಲೆ ಅಲ್ಲಾಡಿಸ್ತಾರೆ. ಅಳ್ತಾರೆ. ನಿಮಗೇನಾದ್ರೂ ಗೊತ್ತಾ?"

ಗೊತ್ತು ಅಂದೆ. ಮರದ್ದು. ತೆಗೆಯೋಕೆ ಹೇಳ್ತಿದಾರೆ.

"ಅಯ್ಯೋ, ಅಷ್ಟೇನಾ! ತೆಗೆದುಬಿಡಿ ದೊರ್ವಕ್ಕಾ. ಶನಿವಾರ ಸಂಜೆ ಐದಕ್ಕೆ ಮತ್ತೆ ಫೋನ್ ಮಾಡ್ತೀನಿ, ತೆಗೆದಾಯ್ತು ಅಂತ ಆಪರೇಷನ್ನಿಗೆ ಮುಂಚೆ ಅಪ್ಪಂಗೆ ಹೇಳ್ತೀನಿ. ನೆಮ್ಮದಿಯಾಗಿ ಒಳಗೆ ಹೋಗ್ಲಿ."

ಹೂಂ ಅಂದೆ. ಮತ್ತೇನು ಅನ್ನಲಿ? ನಿನ್ನಪ್ಪನ ಪ್ರಾಣ ಆ ತಂತಿಯಲ್ಲೇ ಕಟ್ಟಿಟ್ಟಿದ್ದೇನೆ ಅಂತಲಾ?

ತೆಗೆಯಿರಿ ಅನ್ನುವವರು ಅವರೇ. ತೆಗೆಯಬಾರದು ಅಂತ ಮಾತು ಕೊಟ್ಟಿರುವುದು ಅವರಿಗಾಗಿಯೇ.

ಜೂನ್ 28, ಶುಕ್ರವಾರ

ಉಪವಾಸ. ಇವತ್ತು ಬ್ರೆಡ್ ಕೂಡ ಇಲ್ಲ.

ಉಗುರಿನಿಂದ ಕಾಂಡ ಗೀರಿ ನೋಡಿದೆ. ತೊಗಟೆಯ ಕೆಳಗೆ ಹಸಿರು ಇದೆ. ತೆಳುವಾಗಿ, ಆದರೂ ಇದೆ. ಮಣ್ಣಿನ ವಾಸನೆ ಕಡಿಮೆಯಾಗಿದೆ. ಮೇಲಿನ ಎರಡು ಕೊಂಬೆ ಗೀರಿದರೆ ಕಂದು. ಅವು ಹೋದವು. ನಾಲ್ಕರಲ್ಲಿ ಇನ್ನೂ ಜೀವ ಇದೆ, ನಾಲ್ಕಕ್ಕೂ ತಂತಿ ಕಚ್ಚಿದೆ.

ವಾಲ್ದೆಸಿರ್ ಆರೂವರೆಗೆ ಬಂದ. ಕೈ ಬೀಸುತ್ತಲೇ ಇಳಿದ. ಕೈಯಲ್ಲಿ ಏನೂ ಇಲ್ಲ.

"ಬರೆದಿಟ್ಟಿದಾರಂತೆ ದೊನಾ. ನಿನ್ನೆ ಪಾದ್ರಿ ಮನೆ ಅಡುಗೆಯವಳು ಕಿಟಕಿಯಿಂದ ಕೂಗಿದ್ಲು."

"ಮತ್ತೆ?"

"ಆ ಇಳಿಜಾರಲ್ಲಿ ಲಾರಿ ನಿಲ್ಲಿಸಿದ್ರೆ ಹಿಮದ ಮೇಲೆ ಜಾರತ್ತೆ, ಹಾಲೆಲ್ಲ ಚರ್ಚಿನ ಮೆಟ್ಟಲಿಗೆ ಅಭಿಷೇಕ. ನಾಳೆ ತರ್ತೀನಿ ಬಿಡಿ."

"ಏನು ಬರೆದಿದಾರೆ ಅಂತ ಹೇಳಿದ್ಲಾ?"

"ಪ್ರೇಮಪತ್ರ ನಾನ್ಯಾಕೆ ಕೇಳ್ಲಿ?"

ನಗಲಾಗಲಿಲ್ಲ.  ಅವನು ಕ್ಯಾನು ಹತ್ತಿಸಿಕೊಂಡು ಹೋದ.

ಹೌದು ಅಂತಲೋ ಇಲ್ಲ ಅಂತಲೋ ಒಂದು ಕಾಗದ ಎಂಟು ಮೈಲಿ ಆಚೆ ಯಾರದೋ ಅಡುಗೆಮನೆಯಲ್ಲಿ ಕೂತಿದೆ.

ಜೂನ್ 29, ಶನಿವಾರ, ಬೆಳಿಗ್ಗೆ ಆರೂವರೆ

ಸಂತ ಪೇತ್ರರ ದಿನ. ಸ್ವರ್ಗದ ಬೀಗದಕೈ ಇರುವವರು. ಕಟ್ಟಿದ್ದನ್ನು ಬಿಚ್ಚುವ ಅಧಿಕಾರ ಅವರಿಗೇ ಕೊಟ್ಟದ್ದು. ಅವರ ಹೆಸರು ಹೇಳಿಯೇ ಒಲೆ ಹೊತ್ತಿಸಿದೆ.

ಕಿಟಕಿಯ ಗಾಜು ಒಳಗಿನಿಂದಲೂ ಹೆಪ್ಪುಗಟ್ಟಿದೆ. ರಸ್ತೆ ಬೆಳ್ಳಗೆ. ಕಿಯೋಮಿ ಇವತ್ತು ಸಂಜೆ ಐದಕ್ಕೆ ಫೋನ್ ಮಾಡುತ್ತಾಳೆ. ನಾಳೆ ಸಂಘಕ್ಕೆ ಬೀಗ, ಸೋಮವಾರ ಅದು ತೆರೆಯುವಷ್ಟರಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋಗಿರುತ್ತಾರೆ. ಐದರೊಳಗೆ ತೆಗೆದಿದ್ದರೆ ತೆಗೆದೆ ಅನ್ನಬಹುದು. ತೆಗೆಯದೆ ತೆಗೆದೆ ಅನ್ನಲಾರೆ.

ಯಜಮಾನರ ಇಕ್ಕಳ ಹುಡುಕಿ ತೆಗೆದೆ. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಮರದ ಪಕ್ಕ ಇಟ್ಟಿದ್ದೇನೆ. ಮುಟ್ಟದ ಹಾಗೆ, ಒಂದು ಗೇಣು ದೂರದಲ್ಲಿ.

ತಿರುವಿನಲ್ಲಿ ಲಾರಿ ಸದ್ದು. ಬೇರೆ ಕಾಗದ ಹುಡುಕಲು ಹೊತ್ತಿಲ್ಲ, ಇದೇ ಪುಟದ ಕೆಳಗಿನ ತುಂಡು ಹರಿದು ಕ್ಯಾನಿಗೆ ಕಟ್ಟುತ್ತೇನೆ —

ವಾಲ್ದೆಸಿರ್, ಇವತ್ತಿನ ಹಾಲಿಗೆ ಲೆಕ್ಕ ಬೇಡ, ಚೆಲ್ಲಿದರೂ ಪರವಾಗಿಲ್ಲ. ಇಳಿಜಾರಿನ ಕೆಳಗೇ ಲಾರಿ ನಿಲ್ಲಿಸಿ ನಡೆದು ಹತ್ತಪ್ಪ. ಪಾದ್ರಿ ಮನೆಯಲ್ಲಿ ನನ್ನ ಉತ್ತರ ಇದೆ. ಐದು ಗಂಟೆಯೊಳಗೆ ತಂದುಕೊಡು. ನೀನು ಬರಲಾಗದಿದ್ದರೆ ಬೇರೆ ಯಾರ ಕೈಯಲ್ಲಾದರೂ ಕಳಿಸು.