ನೀಲಿಯ ಮೇಲೆ ಕೆಂಪು

ಹಾಸ್ಟೆಲ್ ರೂಮು
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ ಎಂದು ಶುರು ಮಾಡಿ ಹೊಡೆದುಹಾಕಿದ್ದೇನೆ, ನೋಡು. ಶಾಲೆಯ ಹಾಸ್ಟೆಲ್ಲಿನಲ್ಲಿ ವಾರ್ಡನ್ ನಮ್ಮ ಪತ್ರಗಳನ್ನೆಲ್ಲ ಓದಿ, ಇಂಗ್ಲಿಷ್ ತಿದ್ದಿ ಕಳಿಸುತ್ತಿದ್ದರಲ್ಲ, ಆಗ ಕೈಗೆ ಅಂಟಿದ ಸಾಲು ಅದು. ಈಗ ತಿದ್ದುವವರಿಲ್ಲ. ಒತ್ತಕ್ಷರ ತಪ್ಪಿದ್ದರೆ ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ, ಭಯವಾದಾಗ ನನ್ನ ಬಾಯಿಗೆ ಇಂಗ್ಲಿಷೇ ಬರುತ್ತದೆ. ಅದನ್ನು ಕೇಳಿಯೇ ನೀನು ಅರ್ಧ ಗಾಬರಿಯಾಗುತ್ತೀಯ.

ನಮ್ಮ ಕಾಲೇಜು ಲ್ಯಾಬಿನ ಡಬ್ಬಿ ಬಾಹ್ಯಾಕಾಶಕ್ಕೆ ಹೋಗಿ ತಲುಪಿದ್ದು ನಿನಗೆ ಗೊತ್ತು. ಒಳಗೇನಿದೆ ಎಂದು ಸರಿಯಾಗಿ ಹೇಳಿರಲಿಲ್ಲ. ಪೆನ್ನಿನಷ್ಟು ಉದ್ದದ ಮೆತ್ತನೆಯ ಟ್ಯೂಬುಗಳು. ಪ್ರತಿಯೊಂದರಲ್ಲೂ ಮೂರು ಕೋಣೆ, ನಡುವೆ ಎರಡು ಕ್ಲಿಪ್, ಒಂದು ನೀಲಿ, ಒಂದು ಕೆಂಪು. ಮಧ್ಯದ ಕೋಣೆಯಲ್ಲಿ ಎಂಜೈಮ್. ತಮ್ಮನ ಮೈಯಲ್ಲಿ ಇಲ್ಲದ್ದು, ಹದಿನೈದು ದಿನಕ್ಕೊಮ್ಮೆ ನೀನು ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಡ್ರಿಪ್ಪಿನಲ್ಲಿ ಹಾಕಿಸುವುದು, ಅದೇ. ಅದರ ಒಂದು ಕಡೆ ಅದು ತಿನ್ನುವ ತಿಂಡಿ, ಇನ್ನೊಂದು ಕಡೆ ಅದರ ಕೆಲಸ ನಿಲ್ಲಿಸುವ ದ್ರವ. ಮೊದಲು ತಿಂಡಿಯ ಕ್ಲಿಪ್ ತೆಗೆಯಬೇಕು. ಎಂಜೈಮ್ ತಿನ್ನತೊಡಗಿದರೆ ನೀರು ಹಳದಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಕ್ಲಿಪ್ ತೆಗೆದರೆ ಅಲ್ಲಿಗೇ ನಿಲ್ಲುತ್ತದೆ. ಹಿಂದುಮುಂದಾದರೆ ತುತ್ತು ಬಾಯಿಗಿಡುವ ಮೊದಲೇ ಸತ್ತಂತೆ. ತೂಕವೇ ಇಲ್ಲದ ಜಾಗದಲ್ಲಿ ಅದು ಬೇಗ ತಿನ್ನುತ್ತದೋ ನಿಧಾನವೋ ಎಂದು ಹೋಲಿಸಲು ಅಂಥದೇ ಇನ್ನೊಂದು ಡಬ್ಬಿ ಇಲ್ಲಿ ಲ್ಯಾಬಿನ ಫ್ರಿಜ್ಜಿನಲ್ಲಿದೆ. ಜೋಡಿ ಡಬ್ಬಿ ಎನ್ನುತ್ತೇವೆ.

ಎರಡಕ್ಕೂ ಕ್ಲಿಪ್ ಹಾಕಿದವಳು ನಾನು.

ನಮ್ಮ ಟೀಮಿನ ಸೀನಿಯರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಆ ದಿನ ಅವನು ಬಾಗಿಲಲ್ಲಿ ನಿಂತು, ಒಂದು ಕಾಲು ಆಗಲೇ ಹೊರಗೆ, ನೀಲಿ ಮೇಲೆ ಕೆಂಪು ಕಣೇ, ಮರೀಬೇಡ ಅಂತ ಕೂಗಿ ಹೋದ. ನಾನು ತಿಂಡಿಯ ಕೋಣೆ ಮೇಲೆ ಬರುವಂತೆ ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು, ಕೆಳಗೆ ನೀಲಿ, ಅದರ ಮೇಲೆ ಕೆಂಪು ಹಾಕಿದೆ. ಎಲ್ಲದಕ್ಕೂ. ಎಷ್ಟು ನೀಟಾಗಿ ಹಾಕಿದೀಯ ಅಂತ ಲ್ಯಾಬಿನ ಮೇಡಂ ಹೊಗಳಿದರು ಕೂಡ. ಅವರು ಸೋರುತ್ತದೆಯೇ ಎಂದು ನೋಡಿದರು, ಬಣ್ಣ ನೋಡಲಿಲ್ಲ.

ಶುಕ್ರವಾರ ನೀನು ಮೆಸೇಜ್ ಕಳಿಸಿದೆಯಲ್ಲ, ತಮ್ಮನಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ಊಟದ ಮೇಲೆ ಅಂತ. ಕ್ಯಾಂಟೀನಿನ ಸಾಲಿನಲ್ಲಿ ನಿಂತು ಓದಿದೆ. ಊಟದ ಮೇಲೆ. ತಟ್ಟೆಯ ಮೇಲೆ ಇಡುವುದಲ್ಲ, ಊಟ ಆದ ಮೇಲೆ. ಸಾಲು ಬಿಟ್ಟು ಈಚೆ ಬಂದೆ. ಕ್ಯಾಪ್ಟನ್ ಹೇಳಿದ್ದು ಯಾವುದು ಮೊದಲು ಎಂದು. ನನಗೆ ಕೇಳಿಸಿದ್ದು ಯಾವುದು ಎಲ್ಲಿ ಎಂದು. ಗಗನಯಾತ್ರಿಗೆ ಕೊಟ್ಟ ಸೂಚನೆಯಲ್ಲಿ ಮೊದಲು ನೀಲಿ ಎಂದಿದೆ. ನನ್ನ ಟ್ಯೂಬುಗಳಲ್ಲಿ ನೀಲಿಯ ಆಚೆ ಇರುವುದು ನಿಲ್ಲಿಸುವ ದ್ರವ.

ಕ್ಯಾಪ್ಟನ್ನನನ್ನು ಮೆಟ್ಟಿಲ ಹತ್ತಿರ ಹಿಡಿದೆ. ಮೊದಲು ನಕ್ಕ. ನಿಂಗೆ ಕನ್ನಡ ಬರಲ್ವೇನೇ ಕಾನ್ವೆಂಟು ಅಂದ. ನೀಲಿ ಆದ್ಮೇಲೆ ಅನ್ನಬೇಕಿತ್ತು, ಆ 'ಆದ' ಎಲ್ಲಿ ನುಂಗಿದೆ ಅಂದೆ. ಆಗ ನಗು ನಿಂತಿತು. ಎಲ್ಲ ಪರೀಕ್ಷಿಸಿದ್ದೇನೆ ಎಂದು ಸಹಿ ಹಾಕಿದ್ದವನು ಅವನೇ. ಅತ್ತಿತ್ತ ನೋಡಿ ದನಿ ತಗ್ಗಿಸಿದ. ಒಂದು ಕೆಲ್ಸ ಮಾಡು, ಇಲ್ಲಿರೋ ಜೋಡಿ ಡಬ್ಬೀಲಿ ಮಾತ್ರ ಕ್ಲಿಪ್ ಸರಿ ಮಾಡಿಬಿಡು ಅಂದ. ಇಲ್ಲಿಂದು ಹಳದಿ ಆಗುತ್ತೆ, ಅಲ್ಲಿಂದು ಆಗಲ್ಲ. ತೂಕ ಇಲ್ಲದ ಕಡೆ ಈ ಎಂಜೈಮ್ ಕೆಲಸ ಮಾಡಲ್ಲ ಅಂತ ಬರೆದರಾಯ್ತು, ಅದೂ ರಿಸಲ್ಟೇ ತಾನೇ, ಯಾರಿಗೇನು ನಷ್ಟ ಅಂದ.

ಅಮ್ಮ, ಬೈಯಬೇಡ. ನಾನು ಹೋಗಿ ಫ್ರಿಜ್ ತೆಗೆದೆ. ಹೊಸ ಕ್ಲಿಪ್ಪುಗಳನ್ನು ಕೈಯಲ್ಲಿ ಹಿಡಿದೂ ಆಗಿತ್ತು. ಡಬ್ಬಿಯ ಚೀಟಿಯ ಮೇಲೆ ಎಂಜೈಮಿನ ಹೆಸರಿತ್ತು, ತಮ್ಮ ನಾಲಿಗೆ ತೊಡರಿಸಿಕೊಂಡು ಓದಿ, ಹೋಗಲಿ ಬಿಡು, ಇದು ನನ್ನ ಪೆಟ್ರೋಲ್ ಅನ್ನುತ್ತಾನಲ್ಲ, ಅದು. ಕೆಲಸ ಮಾಡಲ್ಲ ಎಂದು ನಾವು ಬರೆದರೆ ಎಲ್ಲೋ ಯಾರೋ ಅದನ್ನು ನಂಬಿ ಈ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಫ್ರಿಜ್ ಮುಚ್ಚಿ ಮೇಡಂ ರೂಮಿಗೆ ಹೋದೆ.

ಅವರು ಕೂಗಾಡಲಿಲ್ಲ. ಎಲ್ಲಾ ಟ್ಯೂಬಾ, ಕೆಲವು ಮಾತ್ರಾನಾ ಅಂತ ಕೇಳಿದರು. ಎಲ್ಲಾ ಅಂದೆ. ಸದ್ಯ, ತಪ್ಪನ್ನಾದರೂ ಒಂದೇ ಥರ ಮಾಡಿದೀಯ ಅಂದರು. ಜೋಡಿ ಡಬ್ಬಿಯಿಂದ ಒಂದು ಟ್ಯೂಬ್ ತೆಗೆಸಿ, ಸೂಚನೆಯಂತೆಯೇ ಮೊದಲು ನೀಲಿ ತೆಗೆಸಿದರು. ಕಾದೆವು. ನೀರು ನೀರಾಗಿಯೇ ಇತ್ತು. ಇನ್ನೊಂದರಲ್ಲಿ ಮೊದಲು ಕೆಂಪು. ಹಳದಿ. ಸೂಚನೆ ಬದಲಾಯಿಸಬೇಕೆಂದು ಪತ್ರ ಬರಿ ಅಂದರು. ಮೇಲಿನ ಕ್ಲಿಪ್ ಮೊದಲು ತೆಗೆಯಿರಿ ಎಂದು ಬರೆದುಕೊಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಅಲ್ಲಿ ಮೇಲೆ ಅನ್ನೋದು ಎಲ್ಲಿದೆ ತಾಯಿ, ಬಣ್ಣ ಬರಿ ಅಂದರು. ಮತ್ತೂ ಅದೇ ತಪ್ಪು!

ಸೂಚನೆ ಬದಲಾಯಿಸುವ ಆಫೀಸಿನವರು ನೋಡ್ತೀವಿ ಎಂದಷ್ಟೇ ಹೇಳಿದ್ದಾರೆ. ಗಗನಯಾತ್ರಿ ಟ್ಯೂಬು ಮುಟ್ಟುವುದು ಇವತ್ತು. ಪತ್ರ ಅವರ ಕೈ ಸೇರಿದೆಯೋ ಇಲ್ಲವೋ ಗೊತ್ತಿಲ್ಲ. ಕೈ ಸುಮ್ಮನಿರಲಿ ಎಂದು ನಿನಗೆ ಬರೆಯುತ್ತಿದ್ದೇನೆ.

ಸಂಜೆ

ಫೋಟೊ ಬಂತು. ಹಳದಿ, ಅಮ್ಮ! ಒಂದು ಟ್ಯೂಬು ಮಾತ್ರ ನೀರಿನಂತೆಯೇ ಇದೆ, ಯಾಕೋ ಯಾರಿಗೂ ತಿಳಿಯದು. ಬೇಗ ತಿಂದಿತೋ ನಿಧಾನವೋ ಎಂಬುದು ಅವು ವಾಪಸು ಬಂದು ಅಳೆದಾಗಲೇ ಗೊತ್ತಾಗುವುದು. ತಪ್ಪಿನ ವರದಿಯಲ್ಲಿ ನನ್ನ ಹೆಸರಿದೆ, ಕೆಳಗೆ ಕ್ಯಾಪ್ಟನ್ನನದೂ. ನಾಳೆಯಿಂದ ನಮ್ಮಿಬ್ಬರಿಗೂ ಬಾಟಲಿ ತೊಳೆಯುವ ಕೆಲಸ. ಸೋಪು ಹಾಕಿದ ಮೇಲೆ ನೀರು ಕಣೇ, ಸೋಪಿನ ಮೇಲಲ್ಲ ಅಂತ ಅವನು ಈಗಲೇ ಶುರು ಹಚ್ಚಿದ್ದಾನೆ.

ತಮ್ಮನಿಗೆ ಅವನ ಪೆಟ್ರೋಲ್ ಅಲ್ಲೂ ಓಡಿತು ಅಂತ ಹೇಳು.

ನಿನ್ನ ಮಗಳು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಹೋದ ವಾರ ಫೋನಿನಲ್ಲಿ ನೀನು, ಇದರಿಂದ ಇವನ ಡ್ರಿಪ್ ತಪ್ಪುತ್ತಾ ಮಗಳೇ ಅಂತ ಕೇಳಿದೆ. ನಾನು ಹಲೋ ಹಲೋ, ಸಿಗ್ನಲ್ ಇಲ್ಲ ಅಂದು ಇಟ್ಟುಬಿಟ್ಟೆ. ಇದು ಔಷಧಿಯಲ್ಲ, ಇದರಿಂದ ಔಷಧಿ ಹುಟ್ಟಿದರೂ ಅದು ಈಗಿನ ಮಕ್ಕಳಿಗಲ್ಲ, ಇನ್ನೂ ಹುಟ್ಟದ ಮಕ್ಕಳಿಗೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಸಿಗ್ನಲ್ ಇತ್ತು, ಅಮ್ಮ.