ಗುಲಾಬಿ ಕಡ್ಡಿ, ಬೂದು ಕಡ್ಡಿ

ಜಗಳಕ್ಕೆಂದು ಬಂದು ಸೊಸೆಯನ್ನು ಗೆದ್ದುಕೊಂಡು ಹೋದ ನನ್ನ ಅತ್ತೆಗೆ,

ನಮಸ್ಕಾರ. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನೀವೀಗ ಕನ್ನಡಕ ಹುಡುಕುತ್ತಿರುತ್ತೀರಿ. ಅದು ನಿಮ್ಮ ತಲೆಯ ಮೇಲೆಯೇ ಇದೆ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀವು ಹತ್ತು ಆಡಿರುತ್ತೀರಿ. ಕಾಗದದ ಬಾಯಿ ಮುಚ್ಚಿಸಲು ನಿಮ್ಮಿಂದಲೂ ಆಗುವುದಿಲ್ಲ. ನಿಮ್ಮ ಮಗನ ಬಾಯಲ್ಲಿ ಹೇಳಿಸೋಣವೆಂದರೆ, "ಅಮ್ಮನಿಗೆ ತಪ್ಪು ತೋರಿಸೋ ಕೆಲಸ ನನಗೆ ಬೇಡ, ಆ ಮನೇಲಿ ನಾನಿನ್ನೂ ಊಟ ಮಾಡ್ಬೇಕು" ಎಂದು ಜಾರಿಕೊಂಡರು. ಕಾಗದ ತಲುಪಿಸಲು ಮಾತ್ರ ಒಪ್ಪಿದ್ದಾರೆ.

ಕಳೆದ ಸಲ ನಾನು ಊರಿಗೆ ಬಂದಾಗ ನೀವು ಪಾತ್ರೆ ತೊಳೆಯುತ್ತಾ ಅಂದಿರಿ: "ತಿಂಗಳ ಕೊನೆಗೆ ಜಾಡಿ ಆಫೀಸಿಗೆ ವಾಪಸ್ ಕೊಟ್ಬಿಡ್ತೀನಿ. ನನ್ನ ಕೈಗುಣ ಹೋಯ್ತು." ಯಾರ ಮನೆಯ ಹಸು ಬೆದೆಗೆ ಬಂದರೂ ಸ್ಕೂಟರಿನ ಹಿಂದೆ, ಹೋರಿಯ ವೀರ್ಯದ ಕಡ್ಡಿಗಳನ್ನು ಹೆಪ್ಪುಗಟ್ಟಿಸಿಟ್ಟ ಆ ಜಾಡಿ ಕಟ್ಟಿಕೊಂಡು ಹೊರಡುವ ನೀವು, ಅದನ್ನು ಬಿಟ್ಟು ಮನೆಯಲ್ಲಿ ಕೂರುತ್ತೀರೆಂದರೆ ನನಗೆ ಊಟ ಸೇರಲಿಲ್ಲ. ಅದಕ್ಕೇ ಈ ಕಾಗದ. ಕೊಡಬೇಡಿ ಅತ್ತೆ. ಕಾರಣ ಸಿಕ್ಕಿದೆ.

ನಾವು ಮೊದಲು ಭೇಟಿಯಾದ ದಿನ ನೆನಪಿದೆಯೇ? ಇದೇ ಜಾಡಿಯನ್ನು ಕಂಕುಳಲ್ಲಿ ಎತ್ತಿಕೊಂಡು, ಆ ಕಡ್ಡಿಗಳನ್ನು ತಯಾರಿಸುವ ನಮ್ಮ ಲ್ಯಾಬಿಗೆ ನುಗ್ಗಿದ್ದಿರಿ. "ಹೋರಿಯ ವೀರ್ಯ ಅಂತ ಈ ಕಡ್ಡೀಲಿ ಏನು ತುಂಬಿಸ್ತೀರಿ, ನೀರಾ?" ಎಂದಿರಿ. ನಮ್ಮ ಡಾಕ್ಟರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಗೊಣಗಿದ್ದು ನಿಮಗೆ ಕೇಳಿಸಲಿಲ್ಲ, ಪುಣ್ಯ. ನಾನು ನಿಮ್ಮನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, "ಅಯ್ಯೋ, ಸಂತೆ ಕಣೇ ಇದು!" ಎಂದವರು ಅದೇ ಉಸಿರಿನಲ್ಲಿ, "ನಿನಗೆ ಮದುವೆ ಆಗಿದೆಯಾ?" ಎಂದು ಕೇಳಿದಿರಿ.

ಆದರೆ ಆ ದಿನದ ನಿಮ್ಮ ದೂರಿನಲ್ಲಿ ಸತ್ಯವಿತ್ತು. ನಮ್ಮ ಸಂತೆಯಲ್ಲಿ ಓಡಾಡುವವರಷ್ಟೇ ಮಲಗಿದವರೂ ಇದ್ದರು. ಆಮೇಲೆ ನಾವು ಎಷ್ಟು ಬದಲಾಯಿಸಿದೆವು! ವೀರ್ಯಕ್ಕೆ ಬೆರೆಸುವ ದ್ರಾವಣಕ್ಕೆ ಅಂದಂದಿನ ತಾಜಾ ಮೊಟ್ಟೆಯ ಹಳದಿಯನ್ನೇ ಬಳಸತೊಡಗಿದೆವು. ಗಡಿಬಿಡಿಯಲ್ಲಿ ಹೆಪ್ಪುಗಟ್ಟಿಸುವುದನ್ನು ಬಿಟ್ಟು, ಗಂಟೆಗಟ್ಟಲೆ ತಣ್ಣಗಿಟ್ಟು ಚಳಿಗೆ ಹದ ಮಾಡಿದೆವು. ಕರಗಿಸಿ ನೋಡಿದರೆ ಬದುಕಿ ಈಜುವವರು ಸಾಕಷ್ಟು ಹೆಚ್ಚಿದರು. ಮೊಟ್ಟೆಯ ಬಿಳಿ ಏನಾಗುತ್ತದೆಂದು ನೀವು ಕೇಳುತ್ತೀರಿ. ನಮ್ಮ ಡಾಕ್ಟರ ಕೆನ್ನೆ ನೋಡಿದರೆ ತಿಳಿಯುತ್ತದೆ.

ಬೇರೆ ಕಡೆಯಿಂದೆಲ್ಲ ಹಸು ನಿಂತವು, ಗಬ್ಬವಾದವು ಎಂಬ ಸುದ್ದಿ ಬಂತು. ನಿಮ್ಮ ಕಡೆ ಮಾತ್ರ ಕಡ್ಡಿ ಹಾಕಿಸಿದ ಹಸುಗಳು ಮತ್ತೆ ಮತ್ತೆ ಬೆದೆಗೆ ಬಂದವು. ಅದರಲ್ಲೂ ನಮ್ಮನೆಯ ಹಸು ಮೊಂಡಿ ಒಂದೇ ಸಲಕ್ಕೆ ನಿಂತುಬಿಟ್ಟಳಲ್ಲ, ಮೂಲೆಮನೆ ಟೈಲರಿಗೆ ಅಷ್ಟೇ ಸಾಕಾಯಿತು. "ಒಳ್ಳೇ ಕಡ್ಡಿ ಎಲ್ಲಾ ಅವರ ಹಸುಗೇ ಇಟ್ಕೋತಾರೆ ಬಿಡಿ" ಎಂದು ನಿಮ್ಮ ಎದುರೇ ಅಂದರು. ಕೈಗುಣ ಹೋಯಿತೆಂಬುದಕ್ಕಿಂತ ಈ ಮಾತೇ ನಿಮ್ಮನ್ನು ಕೊರೆದಿದ್ದು, ನನಗೆ ಗೊತ್ತು.

ನೀವು ಪಾತ್ರೆ ತೊಳೆಯುತ್ತಾ ಹಾಗಂದ ಮರುದಿನ ಅದೇ ಟೈಲರ ಹಿತ್ತಿಲಿಗೆ ನಿಮ್ಮ ಜೊತೆ ನಾನೂ ಬಂದೆನಲ್ಲ. ಜಾಡಿಯ ಮುಚ್ಚಳ ತೆಗೆದು, ಗುಲಾಬಿ ಕಡ್ಡಿಗಳ ಕೊಳವೆಯನ್ನು ಪೂರ್ತಿ ಹೊರಗೆತ್ತಿ, "ಕಣ್ಣಾರೆ ನೋಡ್ಕೊಳ್ಳಿ, ಆಮೇಲೆ ಇದಲ್ಲ ಅದು ಅನ್ಬೇಡಿ" ಎಂದು ಬಿಸಿಲಲ್ಲಿ ಹಿಡಿದು ನಿಂತಿರಿ. ಈ ಕೆಲಸದಲ್ಲಿ ನಿಮಗಿಂತ ಮುಂಚೆ ಇದ್ದವನು ಜಾತಿ ಹೋರಿಯದೆಂದು ಹೇಳಿ ಕೈಗೆ ಸಿಕ್ಕಿದ್ದನ್ನು ಹಾಕಿ ಹೋಗುತ್ತಿದ್ದನಂತೆ. ಅದಕ್ಕೇ ನೀವು ಎಲ್ಲರಿಗೂ ತೋರಿಸಿಯೇ ಹಾಕುವ ಪಣ ತೊಟ್ಟಿರಿ. ಪಕ್ಕದ ಮನೆಯವರೂ ಬಂದರು. ಹೋರಿಗೊಂದು ಬಣ್ಣದ ಕಡ್ಡಿಯಲ್ಲವೇ, ಬಳೆ ಅಂಗಡಿಯಲ್ಲಿ ಆರಿಸಿದ ಹಾಗೆ ಆರಿಸಿದರು. ಡೇರಿ ಗೋಡೆಯ ಚಿತ್ರದಲ್ಲಿರುವ ಹೋರಿಯದೆಂದು ಎಲ್ಲರಿಗೂ ಗುಲಾಬಿಯೇ ಬೇಕು. ಕೊಳವೆಯಿಂದ ಬಿಳಿ ಹೊಗೆ ಏಳುವುದು ಕಂಡೇ ನನಗೆ ಅನುಮಾನ ಬಂತು. ಹತ್ತು ಜನರ ಮುಂದೆ ಅತ್ತೆಯ ತಪ್ಪು ಹಿಡಿಯುವ ಸೊಸೆ ನಾನಲ್ಲ. ಹೊರಡುವಾಗ ಒಂದು ಗುಲಾಬಿ, ಒಂದು ಬೂದು ಕಡ್ಡಿ ಕೇಳಿ ಪಡೆದು, ಚಿಕ್ಕ ಜಾಡಿಯಲ್ಲಿಟ್ಟುಕೊಂಡು ಬಂದೆ.

ಎರಡೂ ನಮ್ಮಲ್ಲೇ, ಒಂದೇ ರೀತಿಯಲ್ಲಿ ತಯಾರಾದವು. ಬೆಚ್ಚನೆಯ ನೀರಿನಲ್ಲಿ ಕರಗಿಸಿ ನೋಡಿದೆ. ಗುಲಾಬಿಯಲ್ಲಿ ಸಂತೆ ಮುಗಿದು ಎಲ್ಲರೂ ಮಲಗಿದ್ದರು. ಬೂದು ಕಡ್ಡಿಯಲ್ಲಿ ಜಾತ್ರೆಯೇ ನಡೆದಿತ್ತು. ಕಡ್ಡಿ ಜಾಡಿಯ ಕತ್ತು ದಾಟಿ ಮೇಲೆ ಬಂದಾಗಲೆಲ್ಲ ಒಳಗಿನ ಮಂಜು ಸ್ವಲ್ಪ ಸಡಿಲವಾಗುತ್ತದೆ. ಕೆಳಗಿಳಿಸಿದಾಗ ಮತ್ತೆ ಗಟ್ಟಿಯಾಗಿ, ಆ ಹರಳುಗಳೇ ಜೀವವನ್ನು ಚುಚ್ಚುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀವು ಒಬ್ಬರಿಗೆ ತೋರಿಸಿದಾಗ ಇಡೀ ಊರಿನ ಕಡ್ಡಿಗಳು ಬಿಸಿಲು ಕಂಡವು.

ಬೂದು ಕಡ್ಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಅದು ನಮ್ಮ ಕಡೆಯದೇ ಸಾಧಾರಣ ಹೋರಿಯದು. ಅದರ ಕೊಳವೆ ಹೀಗೆ ಪೂರ್ತಿ ಮೇಲೆ ಬಂದೇ ಇಲ್ಲ. "ಜನ ಬೇಡ ಅಂದಿದ್ದು ನಮಗಿರಲಿ" ಎಂದು ನೀವು ಮೊಂಡಿಗೆ ಹಾಕಿದ್ದು ಅದನ್ನೇ. ಒಳ್ಳೆಯದನ್ನು ಮನೆಗೆ ಇಟ್ಟುಕೊಂಡರೆಂದು ಟೈಲರು ಹೇಳಿದರಲ್ಲ, ನೀವು ಇಟ್ಟುಕೊಂಡದ್ದು ಊರು ಬಿಟ್ಟದ್ದನ್ನು! ಇದು ಹೊಳೆದಾಗ ನಾನು ಲ್ಯಾಬಿನಲ್ಲೇ ಜೋರಾಗಿ ನಕ್ಕೆ, ಆಮೇಲೆ ಯಾಕೋ ಅತ್ತುಬಿಟ್ಟೆ. ನಿಮ್ಮ ಕೈಗುಣ ಎಲ್ಲೂ ಹೋಗಿಲ್ಲ. ನಿಮ್ಮಂಥವರ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ನನಗೆ ಬಹಳ ಹೆಮ್ಮೆ.

ಈ ಕಾಗದದ ಜೊತೆ ಒಂದು ರಟ್ಟು ಇದೆ. ಪ್ರತಿ ಹೋರಿಯ ಫೋಟೋ, ಅದರ ಪಕ್ಕದಲ್ಲಿ ಅದೇ ಬಣ್ಣದ ಖಾಲಿ ಕಡ್ಡಿ ಅಂಟಿಸಿದ್ದೇನೆ. ಜನ ಅದನ್ನು ಮುಟ್ಟಿ, ತಟ್ಟಿ, ಎಷ್ಟು ಹೊತ್ತಾದರೂ ಆರಿಸಲಿ. ನೀವು ಕೊಳವೆಯನ್ನು ಜಾಡಿಯ ಕತ್ತಿನೊಳಗೇ ಇಟ್ಟು, ಇಕ್ಕಳದಿಂದ ಒಂದೇ ಕಡ್ಡಿ ತೆಗೆಯಿರಿ. ತೆಗೆದದ್ದರ ಮೇಲಿನ ಹೋರಿಯ ನಂಬರನ್ನು ಬೇಕಾದರೆ ಓದಿ ಹೇಳಿ. ಹಳೆಯ ಗುಲಾಬಿಗಳನ್ನೆಲ್ಲ ನಿಮ್ಮ ಮಗನ ಕೈಲಿ ಕಳಿಸಿ. ಹೊಸವನ್ನು ಅವರೇ ತಂದಿದ್ದಾರೆ. ರಟ್ಟು ನೋಡಿದ ಡಾಕ್ಟರು ಎಲ್ಲ ಕಡೆಗೂ ಇಂಥದ್ದೇ ಮಾಡಿಸುತ್ತಾರಂತೆ. ಹೆಸರೇನಿಡೋಣ ಎಂದದ್ದಕ್ಕೆ "ಅತ್ತೆ ರಟ್ಟು" ಎಂದಿದ್ದೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮಿಬ್ಬರದೂ ಒಂದೇ ಕಾಲ ಇರಲಿ.

ಹೊಸ ಕಡ್ಡಿಯಲ್ಲಿ ಮೊದಲನೆಯದು ಟೈಲರ ಹಸುವಿಗೇ ಹಾಕಿ. ಅವರು ಸುಮ್ಮನಿರುವುದಿಲ್ಲ, "ಎಲ್ಲಿ, ಜಾಡಿ ಎತ್ತಿ ತೋರಿಸಿ ನೋಡೋಣ" ಎನ್ನುತ್ತಾರೆ. ಮುಚ್ಚಳ ಹಾಕಿ, ಸ್ಕೂಟರ್ ಹತ್ತಿ, ಹೇಳಿ ಬನ್ನಿ: "ಒಂಬತ್ತು ತಿಂಗಳು ತಾಳಿ ಟೈಲರೇ, ಕರುನೇ ತೋರಿಸ್ತೀನಿ."

ನಿಮ್ಮ ಕೈ ತಾಗಿದ ಕೊಟ್ಟಿಗೆಗಳೆಲ್ಲ ತುಂಬಲಿ. ಮುಂದಿನ ಜಗಳಕ್ಕೆ ಕಾಯುತ್ತಾ,

ನಿಮ್ಮ ಸಂತೆಯ ಸೊಸೆ