ಕುರಿಂಜಿ ಗುಡ್ಡಕ್ಕೆ ಬಿದ್ದ ಬೆಂಕಿ

ಕಲ್ಹಟ್ಟಿ ಮೇಲಿನ ಹಟ್ಟಿ, ನೀಲಗಿರಿ
25-2-2007

ಮುದ್ದಿನ ಸೋದರಸೊಸೆ ವಿದ್ಯಾಳಿಗೆ,

ಮೈಸೂರಿನ ಹಾಸ್ಟೆಲ್ ಊಟಕ್ಕೆ ಹೊಟ್ಟೆ ಒಗ್ಗಿತೇ? ಕೆಮ್ಮು ಬಿಟ್ಟಿತೇ? ಇಲ್ಲಿ ನಿನ್ನ ಅತ್ತೆ ವಸಂತಾಮಣಿ ಸುಖ. ನನ್ನ ಎಡಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಅದರ ಕಥೆ ನೀನು ಕೇಳಿದ್ದೀ, ಆದರೂ ಇನ್ನೊಮ್ಮೆ ಕೇಳು, ಚೆನ್ನಾಗಿದೆ. ಹೋದ ಸೆಪ್ಟೆಂಬರಿನಲ್ಲಿ ಗುಡ್ಡವೆಲ್ಲ ಕುರಿಂಜಿ ಅರಳಿ ನೀಲಿಯಾಗಿದ್ದಾಗ ಕೆಳಮನೆಯ ರಂಗನಾಥನ್ ಟೀ ಸಸಿ ನೆಡಬೇಕೆಂದು ಅದನ್ನು ಕಡಿಸಲು ಬಂದ. ಜೊತೆಗೆ ಆರು ಆಳು. (ಇಬ್ಬರೇ ಅನ್ನುತ್ತಾಳೆ ನಿನ್ನ ಅತ್ತೆ, ಅವಳು ದೂರದಲ್ಲಿದ್ದಳು.) “ಹೂ ತಿಂದು ಹೊಟ್ಟೆ ತುಂಬುತ್ತಾ, ಹಾಲಣ್ಣಾ?” ಅಂದ. ಟೀ ಗಿಡ ಸವರುವ ಕವಾತು ಕತ್ತಿಯ ಹಿಡಿಯಿಂದ ಅವನ ಬಾಯಿಗೆ ಕೊಟ್ಟೆ. ಎರಡು ಹಲ್ಲು ಹುಲ್ಲಿಗೆ ಬಿದ್ದವು. ಅವನು ಗುದ್ದಲಿ ಕಾವಿನಿಂದ ನನ್ನ ಕೈ ಮುರಿದ. ನಾನು ಕದಲಲಿಲ್ಲ. ಗುಡ್ಡ ಉಳಿಯಿತು.

ಓದಿಗೆ ಬೇಕು, ಎರಡು ಗಿಡ ಹೋಲಿಸಿ ಬರೆಯಿರಿ ಮಾವ ಎಂದಿದ್ದೆಯಲ್ಲ. ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುತ್ತದೆ. ಟೀ ಬಂದ ಮೇಲೆ ನಮ್ಮ ಸುತ್ತಿನಲ್ಲಿ ಈ ಒಂದು ಗುಡ್ಡದಲ್ಲಷ್ಟೇ ಉಳಿದಿತ್ತು. ಲಂಟಾನ ವರ್ಷವಿಡೀ ಹೂ ಬಿಡುತ್ತದೆ, ಕಡಿದರೆ ಬುಡದಿಂದ ನಾಲ್ಕಾಗಿ ಏಳುತ್ತದೆ; ಮಸಿನಗುಡಿ ಕಡೆಯಿಂದ ಹತ್ತಿ ಗುಡ್ಡದ ಬುಡಕ್ಕೆ ಬಂದಿದೆ. ಒಂದನ್ನು ಕಾಯಬೇಕು, ಇನ್ನೊಂದನ್ನು ಕೀಳಬೇಕು ಎಂದು ನೀನು ಬರೆದದ್ದು ಸರಿ.

ಆದರೆ ಹತ್ತು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಗುಡ್ಡಕ್ಕೆ ಬೆಂಕಿ ಬಿತ್ತು. ಒಣಗಿ ನಿಂತ ಕುರಿಂಜಿ ಗಾಳಿಗೆ ಸಿಡಿಯುತ್ತಾ ಅರ್ಧ ಗಂಟೆಯಲ್ಲಿ ಬೂದಿಯಾಯಿತು. ಬೆನ್ನು ಹೊತ್ತಿಕೊಂಡ ಮೊಲವೊಂದು ನಮ್ಮ ಅಂಗಳಕ್ಕೆ ಓಡಿಬಂದು ಬಿತ್ತು. ಹಟ್ಟಿಯವರು ಯಾರನ್ನೂ ಏನನ್ನೂ ಕೇಳಲಿಲ್ಲ. ಟೀ ಎಲೆ ತೂಗುವ ಶೆಡ್ಡಿನಿಂದ ರಂಗನಾಥನ್‌ನನ್ನು ಎಳೆದು ತಂದು ಕೋಲುಗಳಿಂದ ಬಡಿದರು. “ನಾ ಅಲ್ಲ, ಹಾಲಣ್ಣಾ, ನೀ ಹೇಳು” ಎಂದು ಅವನು ನನ್ನ ಮುಖ ನೋಡಿದ. ಮೊಣಕಾಲು ಒಡೆದ ಸದ್ದು ನನಗೂ ಕೇಳಿಸಿತು. ಈಗ ಊಟಿ ಆಸ್ಪತ್ರೆಯಲ್ಲಿದ್ದಾನೆ. ನಾಳೆ ಬೆಳಿಗ್ಗೆ ಹಟ್ಟಿಯ ಕೂಟ. ಅವನ ಹೆಂಡತಿ ಮಕ್ಕಳನ್ನೂ ಊರಿಂದ ಹೊರಹಾಕುವ ಮಾತು ನಡೆದಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು. ಶಿವ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಮಾವ,
ಹಾಲ

ತಾ.ಕ.: ಬೆಂಕಿ ಇಟ್ಟವನು ನಾನೇ. ಲಂಟಾನದ ಬುಡ ಸುಡಲು ಹೋದೆ. ಹೂ ಮುಗಿದ ಕುರಿಂಜಿ ಬರೀ ಸತ್ತ ಸೌದೆ ಎಂದುಕೊಂಡಿದ್ದೆ. ಬೀಜ ಇನ್ನೂ ಕಡ್ಡಿಯಲ್ಲೇ ಇರುತ್ತದೆ, ಉದುರುವವರೆಗೆ ಮುಟ್ಟಬೇಡಿ ಎಂಬ ನಿನ್ನ ಕಾಗದ ಮರುದಿನ, ಶುಕ್ರವಾರ ಬಂತು. ಮೊನ್ನೆಯ ತುಂತುರಿಗೆ ಲಂಟಾನ ಮಾತ್ರ ಚಿಗುರಿದೆ. ನಾಳೆ ಕೂಟದಲ್ಲಿ ಎಲ್ಲ ಹೇಳುತ್ತೇನೆ. ಈ ಕಾಗದ ಕೈಸೇರಿದ ಕೂಡಲೇ ಅತ್ತೆಗೆ ಫೋನ್ ಮಾಡಿ, ನಾನು ಯಾವ ಆಸ್ಪತ್ರೆಯಲ್ಲಿದ್ದೇನೆಂದು ಕೇಳು.